ಬ್ರೇಕ್ ಎಣ್ಣೆಯ ಮಹಿಮೆ

ಓಡುವುದನ್ನು ಹೊಗಳುವವರು ಲೋಕದಲ್ಲಿ ಬಹಳ ಮಂದಿ. ನಿಲ್ಲುವುದನ್ನು ಹೊಗಳುವವರು ಅಪರೂಪ. ಯಾರಾದರೂ ಕಾರು ಕೊಂಡರೆ, ‘ಎಷ್ಟು ಸ್ಪೀಡು ಹೋಗುತ್ತದೆ?’ ಎಂದೇ ಎಲ್ಲರೂ ಕೇಳುತ್ತಾರೆ. ‘ಹೇಗೆ ನಿಲ್ಲುತ್ತದೆ?’ ಎಂದು ಕೇಳಿದವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನನ್ನ ಸೋದರಮಾವ. ಮೈಸೂರಿನಲ್ಲಿ ಒಂದು ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದಾರೆ. ಇತಿಹಾಸ ಮತ್ತು ಅರ್ಥಶಾಸ್ತ್ರಗಳ ವಿದ್ಯಾರ್ಥಿಯಾದ ನಾನು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ಕಾರಿನ ಎಣ್ಣೆಗಳನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಅಧ್ಯಾಪಕರು ಹುಬ್ಬೇರಿಸಿದರೂ ಏರಿಸಬಹುದು. ಆದರೆ ಕಳೆದ ರಜೆಯಲ್ಲಿ ನಾನು ಕಲಿತ ಪಾಠವೆಲ್ಲ ಆ ಗ್ಯಾರೇಜಿನದು. ಅದನ್ನು ಬಿಟ್ಟು ಬೇರೇನನ್ನಾದರೂ ಬರೆದರೆ ಅದು ಎರವಲು ಮಾತಾದೀತು.

‘ಟ್ರ್ಯಾಕ್ ಡೇ’ ಎಂಬುದು ಪಂದ್ಯವಲ್ಲ. ಪಂದ್ಯಕ್ಕೆಂದು ಕಟ್ಟಿದ ರಸ್ತೆಯಲ್ಲಿ ಸಾಮಾನ್ಯ ಜನರು ತಮ್ಮ ತಮ್ಮ ಕಾರುಗಳನ್ನೇ ಸರದಿಯಂತೆ ಓಡಿಸುವ ದಿನ. ಒಂದೊಂದು ಸರದಿ ಹದಿನೈದು ಇಪ್ಪತ್ತು ನಿಮಿಷ. ಎದುರಿನಿಂದ ಬರುವ ಲಾರಿಯಿಲ್ಲ, ದನವಿಲ್ಲ, ಹಂಪ್ ಇಲ್ಲ. ನಮ್ಮ ಕಡೆಯವರು ಇದಕ್ಕಾಗಿ ಕೊಯಮತ್ತೂರಿಗೋ ಮದರಾಸಿನ ಬಳಿಯ ಇರುಂಗಾಟ್ಟುಕೋಟೆಗೋ ಹೋಗುವುದುಂಟು. ಕೊಯಮತ್ತೂರಿನದು ಕರಿ ಮೋಟಾರ್ ಸ್ಪೀಡ್‌ವೇ. ಮಾರುತಿ 800ರ ಎಂಜಿನ್ನಿನಿಂದ ಫಾರ್ಮುಲಾ ಮಾರುತಿ ಎಂಬ ಪಂದ್ಯದ ಬಂಡಿಗಳನ್ನು ರೂಪಿಸಿ, 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ.

ಅಲ್ಲಿಗೆ ಹೋಗಬೇಕೆಂಬ ಹುಚ್ಚು ಹತ್ತಿದ್ದು ಮಾವನ ಮಗನಾದ ನನ್ನ ಭಾವನಿಗೆ. ಕಾರು ಮನೆಗೆಲ್ಲ ಒಂದೇ. ಸಣ್ಣ ಪೆಟ್ರೋಲ್ ಕಾರು. ಅತ್ತೆ ಒಪ್ಪಿಗೆ ಕೊಟ್ಟದ್ದು ಒಂದು ಷರತ್ತಿನ ಮೇಲೆ: ಭಾನುವಾರ ಏನಾದರೂ ಮಾಡಿಕೊಳ್ಳಿ, ಸೋಮವಾರ ಬೆಳಿಗ್ಗೆ ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಲು ಅದೇ ಕಾರು ಬಾಗಿಲಲ್ಲಿ ನಿಂತಿರಬೇಕು. ಪಂದ್ಯದ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುತ್ತಾರೆ. ಕೆಟ್ಟರೆ ಹಾಗೆಯೇ ಹೇರಿಕೊಂಡು ಬರುತ್ತಾರೆ. ನಮ್ಮದು ತಾನೇ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಹೋಗಿ, ಬಿಸಿಲಿನಲ್ಲಿ ಬೆಂದು, ಮತ್ತೆ ಅದೇ ತಿರುವುಗಳನ್ನೇರಿ ಮನೆ ಸೇರಬೇಕಾದದ್ದು.

ಭಾವನು ಉಳಿಸಿಟ್ಟಿದ್ದ ಹಣ ಅಷ್ಟಕ್ಕಷ್ಟೆ. ಅಗಲದ ಚಕ್ರಗಳನ್ನೂ ಗುಡುಗುವ ಸೈಲೆನ್ಸರನ್ನೂ ಹಾಕಿಸಬೇಕೆಂದು ಅವನ ಆಸೆ. ಮಾವ ಕೇಳಿದರು: ‘ಲೋ, ಬ್ರೇಕ್ ಆಯಿಲ್ ಹಾಕಿ ಎಷ್ಟು ವರ್ಷವಾಯಿತು?’ ಭಾವ, ‘ಅದನ್ನ ಯಾರಪ್ಪ ನೋಡ್ತಾರೆ?’ ಎಂದ. ‘ಯಾರೂ ನೋಡೋದಿಲ್ಲ ನಿಜ. ತಿರುವಿನಲ್ಲಿ ಪೆಡಲ್ ಒಳಕ್ಕೆ ಹೋದಾಗ ಎಲ್ಲರೂ ನಿನ್ನನ್ನೇ ನೋಡ್ತಾರೆ’ ಎಂದರು ಮಾವ. ಸೈಲೆನ್ಸರಿನ ಮಾತು ಅಲ್ಲಿಗೇ ಮುಗಿಯಿತು.

ನಾನು ಪೆದ್ದನಂತೆ ‘ಏಕೆ ಮಾವ?’ ಎಂದು ಕೇಳಿದ್ದೇ ತಡ, ಪಾಠ ಮೊದಲಾಯಿತು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಪಾಸ್ಕಲ್ ಪಂಡಿತನು ತೋರಿಸಿದನಷ್ಟೆ. ಆ ತತ್ತ್ವವನ್ನು ನಾಲ್ಕೂ ಚಕ್ರಗಳ ಬ್ರೇಕಿಗೆ ಅಳವಡಿಸಿಕೊಂಡು 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ಹೊರಬಂದಿತು. ಪಾದದ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ದೂತನೇ ಬ್ರೇಕ್ ಎಣ್ಣೆ. ದ್ರವವು ಕುಗ್ಗದು, ಆದುದರಿಂದ ಸಂದೇಶ ತಪ್ಪದೆ ಮುಟ್ಟುತ್ತದೆ. ಆದರೆ ಅದು ಕುದಿದು ಆವಿಯ ಗುಳ್ಳೆಗಳೆದ್ದರೆ, ಆವಿ ಕುಗ್ಗುತ್ತದೆ. ಪಾದ ನೆಲಕ್ಕೆ ಮುಟ್ಟಿದರೂ ಸಂದೇಶ ಚಕ್ರಕ್ಕೆ ಮುಟ್ಟದು.

ಬ್ರೇಕಿನಲ್ಲಿ ಕುದಿಯುವಷ್ಟು ಬಿಸಿ ಎಲ್ಲಿಂದ ಬಂದಿತು? ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಸುಮಾರು 1000 ಕೆ.ಜಿ. ತೂಕದ ಕಾರು ಗಂಟೆಗೆ 120 ಕಿ.ಮೀ. ವೇಗದಿಂದ 60ಕ್ಕೆ ಇಳಿದರೆ ನಾಲ್ಕು ಲಕ್ಷ ಜೂಲ್‌ಗಳಿಗಿಂತ ಹೆಚ್ಚು ಶಕ್ತಿ ಶಾಖವಾಗಬೇಕು. ಅಷ್ಟು ಶಾಖದಲ್ಲಿ ಒಂದೂಕಾಲು ಲೀಟರು ತಣ್ಣೀರನ್ನು ಕುದಿಗೆ ತರಬಹುದು. ಅಂದರೆ ಒಂದೊಂದು ದೊಡ್ಡ ತಿರುವಿಗೂ ಮನೆಮಂದಿಗೆಲ್ಲ ಕಾಫಿಯ ನೀರು ಕಾಯುತ್ತದೆ! ಊರಿನ ರಸ್ತೆಯಲ್ಲಿ ಎರಡು ತಡೆಗಳ ನಡುವೆ ಬ್ರೇಕು ಆರಲು ಪುರುಸೊತ್ತುಂಟು, ಟ್ರ್ಯಾಕಿನಲ್ಲಿ ಅದಿಲ್ಲ.

ಈ ಎಣ್ಣೆಗೆ ಇನ್ನೊಂದು ದುರ್ಗುಣವಿದೆ. ಗಾಳಿಯಲ್ಲಿನ ತೇವವನ್ನು ಸದ್ದಿಲ್ಲದೆ ಕುಡಿಯುತ್ತದೆ. ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಕೂಡದು, ನೂರಕ್ಕೆ 3.7 ಪಾಲು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಪಂದ್ಯಕ್ಕೆಂದೇ ಮಾಡಿದ ಎಣ್ಣೆಗಳಲ್ಲಿ 300ನ್ನು ದಾಟುವುವೂ ಉಂಟು. ಆದರೆ ಅವನ್ನು ಮತ್ತೆ ಮತ್ತೆ ಬದಲಾಯಿಸುತ್ತಿರಬೇಕು. ಡಾಟ್ 5 ಎಂಬುದು ಸಿಲಿಕೋನಿನದು, ಬೇರೆ ಜಾತಿ, ಉಳಿದವುಗಳೊಡನೆ ಬೆರೆಸಲೇಕೂಡದು. ಮಾವ ಆರಿಸಿದ್ದು ಸೀಲು ಒಡೆಯದ ಡಾಟ್ 5.1ರ ಬಾಟಲಿಗಳನ್ನು. ‘ಮುಚ್ಚಳ ತೆಗೆದಿಟ್ಟ ಬ್ರೇಕ್ ಆಯಿಲ್, ಮುಚ್ಚಳ ತೆಗೆದಿಟ್ಟ ಉಪ್ಪು, ಎರಡೂ ಒಂದೇ ಕಣಪ್ಪ’ ಎಂದರು.

ಮುಖ್ಯ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ತೊಡಗಿ ಹಳೆಯ ಎಣ್ಣೆಯನ್ನೆಲ್ಲ ಹೊರಹಾಕಿದೆವು. ಮಾವ ಪಾನಾ ಹಿಡಿದು ಚಕ್ರದ ಬಳಿ ಕೂತರು. ನಾನು ಪೆಡಲಿನ ಬಳಿ. ‘ಒತ್ತು, ಹಿಡಿ, ಬಿಡು’ ಎಂಬ ಮೂರೇ ಮಂತ್ರ. ಹೊರಬಂದದ್ದು ಹಳೆಯ ಕಷಾಯದ ಬಣ್ಣಕ್ಕಿದ್ದಿತು. ಒಂದು ಹನಿ ಮಡ್‌ಗಾರ್ಡಿನ ಮೇಲೆ ಬಿದ್ದೊಡನೆ ಮಾವ ನೀರು ಹೊಯ್ದರು. ಬಿಟ್ಟರೆ ಅದು ಬಣ್ಣವನ್ನು ತಿಂದುಹಾಕುತ್ತದೆಯಂತೆ. ಪ್ಯಾಡುಗಳನ್ನೂ ಹೊಸದಾಗಿ, ಹೆಚ್ಚು ಶಾಖ ತಡೆಯುವಂಥವನ್ನು, ಹಾಕಿದ್ದಾಯಿತು.

ಉಳಿದ ದ್ರವಗಳ ವಿಷಯದಲ್ಲಿ ಮಾವನದು ಮಿತವ್ಯಯದ ನೀತಿ. ಎಂಜಿನ್ನಿನಲ್ಲಿದ್ದುದು 5ಡಬ್ಲ್ಯು-30, ಬಿಸಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ನಿಲ್ಲಲೆಂದು 5ಡಬ್ಲ್ಯು-40 ಹಾಕಿದರು. ಕೈಪಿಡಿಯ ಪಟ್ಟಿಯಲ್ಲಿ ಎರಡೂ ಇದ್ದುವು. ಇಲ್ಲದ್ದನ್ನು ಹಾಕಲು ಅವರು ಒಪ್ಪುತ್ತಿರಲಿಲ್ಲ. ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ನಿಂತಿತು. ಕಡಮೆಯಾದರೆ ಉದ್ದನೆಯ ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿ ಹೀರುತ್ತದೆ. ಹೆಚ್ಚಾದರೆ ಒಳಗೆ ಕಡೆದು ನೊರೆಯಾಗುತ್ತದೆ. ಗೇರ್ ಪೆಟ್ಟಿಗೆಗೆ ಜಿ.ಎಲ್. 4 ದರ್ಜೆಯದು, ಜಿ.ಎಲ್. 5 ಅಂಕಿಯಲ್ಲಿ ದೊಡ್ಡದಾದರೂ ಅದರಲ್ಲಿನ ಗಂಧಕದ ಔಷಧ ಹಿತ್ತಾಳೆಯ ಉಂಗುರಗಳಿಗೆ ಆಗದಿರಬಹುದು. ರೇಡಿಯೇಟರಿಗೆ ಬಟ್ಟಿಯಿಳಿಸಿದ ನೀರು ಸೇರಿಸಿದ ಕೂಲೆಂಟು; ಬೋರ್‌ವೆಲ್ ನೀರಿನ ಸುಣ್ಣ ಅದಕ್ಕೆ ವಿಷ.

ಹೊರಡುವ ಮುನ್ನ ಡಿಕ್ಕಿ ಬರಿದಾಯಿತು. ಛತ್ರಿ, ನೀರಿನ ಬಾಟಲಿ, ಅತ್ತೆಯ ಚಪ್ಪಲಿ, ಕೊನೆಗೆ ಡ್ಯಾಷ್‌ಬೋರ್ಡಿನ ಗಣಪತಿ ಸಹ ಇಳಿದು ನನ್ನ ಚೀಲ ಸೇರಿದನು. ತಿರುವಿನಲ್ಲಿ ಇವೆಲ್ಲ ಹಾರುವ ಕಲ್ಲುಗಳೇ.

ಟ್ರ್ಯಾಕಿನಲ್ಲಿ ಭಾವ ಎರಡು ಸರದಿ ಓಡಿಸಿದ. ಮೊದಲ ಸರದಿಯಾದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ನೋಡಿ, ಟೈರಿನಲ್ಲಿ ಶಾಖದಿಂದ ಏರಿದ್ದ ಗಾಳಿಯನ್ನು ಇಳಿಸಿದೆವು. ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕು ಮುಟ್ಟದಂತೆ ಮೆಲ್ಲಗೆ ಓಡಿಸಿ ತಣಿಸುವುದು, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕು ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಮಾವನ ಆಜ್ಞೆ.

ಮಧ್ಯಾಹ್ನ ನಮ್ಮ ಪಕ್ಕದ ಕಾರೊಂದು ನೇರ ದಾರಿಯ ಕೊನೆಯಲ್ಲಿ ತಿರುಗದೆ ಹುಲ್ಲಿಗೆ ನುಗ್ಗಿತು. ದೈವವಶಾತ್ ಯಾರಿಗೂ ಏಟಾಗಲಿಲ್ಲ. ಇಳಿದ ತರುಣನ ಕೈ ನಡುಗುತ್ತಿದ್ದಿತು. ‘ಪೆಡಲ್ ಪೂರ್ತಿ ಒಳಗೆ ಹೋಯಿತು’ ಎಂದಷ್ಟೇ ಹೇಳಿದ. ಪೆಡಲ್ ಕಲ್ಲಿನಂತಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡು ಸೋತಿದೆ, ಪೆಡಲ್ಲೇ ಮೆತ್ತಗಾದರೆ ಎಣ್ಣೆ ಕುದಿದಿದೆ ಎಂದು ಮಾವ ಹೇಳಿದ್ದು ನೆನಪಾಯಿತು. ಅವನ ಹೆಂಡತಿ ಮಗುವನ್ನೆತ್ತಿಕೊಂಡು ಬೇಲಿಯಾಚೆ ನಿಂತಿದ್ದರು. ಆ ಮೂವರೂ ಸಂಜೆ ಅದೇ ಕಾರಿನಲ್ಲಿ ಊರಿಗೆ ಹೋಗಬೇಕಾಗಿದ್ದಿತು.

ನಮ್ಮ ಬಳಿ ಇನ್ನೂ ಸೀಲು ಒಡೆಯದ ಬಾಟಲಿಗಳು ಎರಡಿದ್ದುವು; ನಮ್ಮದು ಕುದಿದರೆ ಇರಲೆಂದು ತಂದವು. ಭಾವನಿಗೆ ಇನ್ನೂ ಒಂದು ಸರದಿ ಬಾಕಿ. ವರ್ಷವೆಲ್ಲ ಕಾದು ಪಡೆದದ್ದು. ಮಾವ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ, ಮಗನ ಮುಖ ನೋಡಿದರು, ಅಷ್ಟೆ. ಭಾವ ಒಂದು ನಿಮಿಷ ಸುಮ್ಮನಿದ್ದು, ಹೆಲ್ಮೆಟ್ಟನ್ನು ಬಾನೆಟ್ಟಿನ ಮೇಲಿಟ್ಟು, ಡಿಕ್ಕಿ ತೆರೆದು ಬಾಟಲಿಗಳನ್ನೂ ಪಾನಾವನ್ನೂ ತಂದ. ಆ ಕಾರು ಆರುವವರೆಗೆ ಕಾದು, ನಾಲ್ಕು ಚಕ್ರಗಳ ಎಣ್ಣೆಯನ್ನೂ ಬದಲಾಯಿಸಿದೆವು. ಪೆಡಲಿನ ಬಳಿ ಆ ತರುಣನೇ ಕೂತ. ಮಾವನ ಮೂರು ಮಂತ್ರಕ್ಕೆ ಭಾಷಾಂತರ ಬೇಕಾಗಲಿಲ್ಲ. ಮುಗಿಯುವ ವೇಳೆಗೆ ಭಾವನ ಸರದಿ ಕಳೆದುಹೋಗಿದ್ದಿತು. ಘಾಟಿಯೇರುವಾಗ ಅವನು ಹೆಚ್ಚು ಮಾತಾಡಲಿಲ್ಲ. ಮನೆಯ ಬೀದಿಗೆ ತಿರುಗುವಾಗ, ‘ಅಪ್ಪಾ, ಅಜ್ಜಿಯನ್ನು ನಾಳೆ ನಾನೇ ಕರೆದುಕೊಂಡು ಹೋಗ್ತೀನಿ’ ಎಂದ.

ಸಹಪಾಠಿಗಳಲ್ಲಿ ಟ್ರ್ಯಾಕಿಗೆ ಹೋಗುವವರು ಒಬ್ಬಿಬ್ಬರಿದ್ದಾರು. ಆದರೆ ನಮ್ಮ ಕಾಲೇಜಿನ ಸ್ಟ್ಯಾಂಡಿನಲ್ಲಿ ನಿಂತಿರುವ ಡಿಸ್ಕ್ ಬ್ರೇಕಿನ ಮೋಟಾರು ಸೈಕಲ್ಲುಗಳಿಗೂ ಇದೇ ಎಣ್ಣೆಯೇ ಗತಿ. ಹ್ಯಾಂಡಲ್ಲಿನ ಮೇಲಿನ ಪುಟ್ಟ ಪೆಟ್ಟಿಗೆಯ ಮುಚ್ಚಳದಲ್ಲಿ ಡಾಟ್ 3 ಎಂದೋ ಡಾಟ್ 4 ಎಂದೋ ಬರೆದಿರುತ್ತದೆ. ಪಕ್ಕದ ಗಾಜಿನ ಕಿಂಡಿಯಲ್ಲಿ ಒಮ್ಮೆ ಇಣಿಕಿ ನೋಡಿ. ಒಳಗಿನದು ಕಷಾಯದ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಹಾಕಿಸಿ ಎರಡು ವರ್ಷ ಕಳೆದಿದ್ದರೆ, ಬರುವ ಶನಿವಾರ ಸಿನಿಮಾ ಬಿಟ್ಟಾದರೂ ಅದನ್ನು ಬದಲಾಯಿಸಿ. ಹಿಂದಿನ ಸೀಟಿನಲ್ಲಿ ಅನೇಕ ವೇಳೆ ನಿಮ್ಮ ತಂಗಿಯೋ ಗೆಳೆಯನೋ ಕುಳಿತಿರುತ್ತಾರೆ. ಅವರಿಗೆ ಆ ಕಿಂಡಿ ಕಾಣುವುದಿಲ್ಲ.

— ದ್ವಿತೀಯ ಬಿ.ಎ. ವಿದ್ಯಾರ್ಥಿ