ನಾಲ್ಕನೆಯ ಕಥೆ

ಲೆಸ್ಟರ್, 4 ನವೆಂಬರ್ 2025, ಮಂಗಳವಾರ

ರಜೆ ಮುಗಿಯಿತು. ಇಯರ್ 8ರ ತರಗತಿಗೆ ಇಂದಿನಿಂದ ಪ್ಯಾಟ್ರಿಕ್ ನೆಸ್ ಅವರ ‘ಎ ಮಾನ್‌ಸ್ಟರ್ ಕಾಲ್ಸ್’. ಕಥೆಯ ಬೀಜ ಶಿವಾನ್ ಡೌಡ್ ಅವರದು. 2007ರಲ್ಲಿ ಅವರು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ನೆಸ್ ಬರೆದು ಮುಗಿಸಿದ ಪುಸ್ತಕ 2011ರಲ್ಲಿ ಬಂತು. ಮಕ್ಕಳಿಗೆ ಇದನ್ನೆಲ್ಲ ಇವತ್ತು ಹೇಳಲಿಲ್ಲ. ಮೊದಲು ಹೆದರಲಿ.

ರಾತ್ರಿ 12:07. ಚರ್ಚಿನ ಸಮಾಧಿಗಳ ನಡುವಿನ ಯೂ ಮರ ಎದ್ದು ಬಂದು ಹದಿಮೂರರ ಕಾನರ್‌ನ ಕಿಟಕಿಗೆ ಮುಖ ಒಡ್ಡುತ್ತದೆ. ಜಿಮ್ ಕೇ ಚಿತ್ರಗಳಲ್ಲಿ ಕಪ್ಪು ಮಸಿ ಅಂಚಿನಿಂದ ಒಳಗೆ ನುಗ್ಗುತ್ತದೆ. ಹಿಂದಿನ ಬೆಂಚೂ ತೆಪ್ಪಗಿತ್ತು. ಆದರೆ ಕಾನರ್‌ಗೆ ಭಯವೇ ಇಲ್ಲ! “ಇವನೇನು ಮಿಸ್, ಹೆದರೋದೇ ಇಲ್ವಾ?” ಎಂದು ಒಬ್ಬ ಮುಖ ಸಿಂಡರಿಸಿದ. ಅಲ್ಲೇ ಹಿಡಿದುಕೊಂಡೆ. ದೆವ್ವದ ಕಥೆಗಳು ದೆವ್ವವನ್ನು ಆದಷ್ಟು ಹೊತ್ತು ಬಚ್ಚಿಡುತ್ತವೆ. ಇಲ್ಲಿ ಅದು ಶುರುವಿನಲ್ಲೇ ಎದುರಿಗಿದೆ. ಹಾಗಾದರೆ ಬಚ್ಚಿಟ್ಟಿರುವುದು ಏನನ್ನು? ಬೋರ್ಡಿನ ಮೇಲೆ ಪ್ರಶ್ನೆ ಬರೆದು ಬಿಟ್ಟುಬಂದೆ.

7 ನವೆಂಬರ್, ಶುಕ್ರವಾರ

ಇಯರ್ ಹೆಡ್‌ನಿಂದ ಇಮೇಲ್. ನನ್ನ ತರಗತಿಯ ಒಬ್ಬಳ ಅಮ್ಮನಿಗೆ ಕೀಮೋ ನಡೆಯುತ್ತಿದೆಯಂತೆ. ಈ ಪುಸ್ತಕದ ಪೀರಿಯಡ್‌ಗಳಲ್ಲಿ ಅವಳು ಲೈಬ್ರರಿಯಲ್ಲಿ ಕೂರಬಹುದಂತೆ. ಒಳ್ಳೆಯ ಮನಸ್ಸಿನ ಮಾತೇ. ಆದರೆ ಕಾನರ್‌ನನ್ನು ಹಿಂಡುವುದೂ ಇಂಥ ಒಳ್ಳೆಯತನವೇ. ಅಮ್ಮನ ಕಾಯಿಲೆ ತಿಳಿದ ಮೇಲೆ ಟೀಚರುಗಳು ಅವನನ್ನು ಗದರುವುದಿಲ್ಲ. ಅಜ್ಜಿಯ ಹಜಾರ ಪುಡಿಮಾಡಿದರೂ, ಸಹಪಾಠಿಯನ್ನು ಬಡಿದರೂ ಶಿಕ್ಷೆಯಿಲ್ಲ. ಶಿಕ್ಷೆಗಾಗಿ ಹಂಬಲಿಸುವ ಹುಡುಗ ಅವನು.

ಅವಳನ್ನೇ ಕಾರಿಡಾರಿನಲ್ಲಿ ಕೇಳಿದೆ. “ಕೊನೆಗೆ ಏನಾಗತ್ತೆ ಮಿಸ್?” ಎಂದಳು. ಅಮ್ಮ ಉಳಿಯುವುದಿಲ್ಲ ಎಂದೆ. “ನಮ್ಮಮ್ಮನಿಗೆ ಗುಣ ಆಗತ್ತೆ ಅಂತ ಡಾಕ್ಟರ್ ಹೇಳಿದಾರೆ. ನಾನು ಕ್ಲಾಸಲ್ಲೇ ಇರ್ತೀನಿ,” ಎಂದಳು.

13 ನವೆಂಬರ್, ಗುರುವಾರ

ಮರ ಬಂದುಹೋದ ಗುರುತುಗಳನ್ನು ಪಟ್ಟಿ ಮಾಡಿಸಿದೆ. ಮೊದಲು ಕೋಣೆಯ ತುಂಬ ಯೂ ಎಲೆ, ಆಮೇಲೆ ಕೆಂಪು ಹಣ್ಣು, ಆಮೇಲೆ ನೆಲದ ಹಲಗೆಯಿಂದಲೇ ಎದ್ದ ಗಿಡ. ಕನಸಲ್ಲ ಎಂಬುದಕ್ಕೆ ಸಾಕ್ಷಿ ಬಲವಾಗುತ್ತಾ ಹೋಗುತ್ತದೆ. “ಮತ್ತೆ ಎಲೆ ಗುಡಿಸಿ ಎಸೆದು, ಯಾರಿಗೂ ಹೇಳದೆ ಇರೋದ್ಯಾಕೆ?” ಎಂದಿತು ಒಂದು ಗುಂಪು. ಒಳ್ಳೆಯ ಪ್ರಶ್ನೆ. ಯೂ ಮರದಲ್ಲಿ ಹಣ್ಣಿನ ಕೆಂಪು ತಿರುಳೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ವಿಷ; ಅದೇ ಕುಲದ ಮರದ ತೊಗಟೆಯಿಂದಲೇ ಕ್ಯಾನ್ಸರ್ ಔಷಧ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಎಂದಾಗ ಎಲ್ಲರೂ ಬರೆದುಕೊಂಡರು.

ನಿಮ್ಮೂರಿನ ದೆವ್ವ ಹೇಳಿ ಮಿಸ್ ಎಂದು ದುಂಬಾಲು ಬಿದ್ದರು. ಬೆಂಗಳೂರಿನ ಬಾಗಿಲುಗಳ ‘ನಾಳೆ ಬಾ’ ಹೇಳಿದೆ: ಬಾಗಿಲು ತಟ್ಟಲು ಬಂದ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ನಗು ಅಡಗುವ ಮುನ್ನವೇ ಹಿಂದಿನ ಬೆಂಚಿನಿಂದ ದನಿ: “ಕಾನರ್ ಮಾಡ್ತಿರೋದೂ ಅದೇ. ಮರ ಇವನಿಂದ ನಾಲ್ಕನೇ ಕಥೆ ಕೇಳತ್ತೆ, ಇವನು ನಾಳೆ ಬಾ ಅಂತಾನೆ.” ನನ್ನ ಟಿಪ್ಪಣಿಯಲ್ಲಿ ಇಲ್ಲದ ಮಾತು!

19 ನವೆಂಬರ್, ಬುಧವಾರ

ನಾಲ್ಕನೆಯ ಕಥೆ. ಮೂರು ಕಥೆ ಮರ ಹೇಳಿತು, ಇದನ್ನು ಕಾನರ್ ಹೇಳಬೇಕು. ದುಃಸ್ವಪ್ನದಲ್ಲಿ ಅವನು ಅಮ್ಮನ ಕೈ ಬಿಟ್ಟುಬಿಡುತ್ತಾನೆ. ಈ ಸಂಕಟ ಒಮ್ಮೆ ಮುಗಿದರೆ ಸಾಕು ಎನ್ನಿಸಿತ್ತು ಅವನಿಗೆ. ಅಮ್ಮ ಉಳಿಯಲಿ ಎಂಬ ಆಸೆಯೂ ಅಷ್ಟೇ ನಿಜ. ಬಚ್ಚಿಟ್ಟಿದ್ದು ಇದನ್ನೇ.

ಯಾರೂ ತಮ್ಮ ಮನೆಯ ಮಾತೆತ್ತಲಿಲ್ಲ, ನಾನೂ ಕೆದಕಲಿಲ್ಲ. ಎಲ್ಲರದೂ ಕಾನರ್ ಬಗ್ಗೆಯೇ ಮಾತು, ಅದೂ ಏರುದನಿಯಲ್ಲಿ. ಉತ್ತರ ಬರೆಯಲು ಕಲಿಸುವ ಅಂಶ, ಆಧಾರ, ವಿವರಣೆ ಎಂಬ ಒಣ ಚೌಕಟ್ಟನ್ನು ನಾವು ಟೀಚರುಗಳೇ ಆಡಿಕೊಳ್ಳುತ್ತೇವೆ. ಆದರೆ ಮಕ್ಕಳಿಗೆ ಅದೊಂದು ಮರೆ. ಅದರ ಹಿಂದೆ ನಿಂತು ಏನನ್ನಾದರೂ ಹೇಳಬಹುದು, ಯಾರದೆಂದು ಯಾರೂ ಕೇಳುವುದಿಲ್ಲ.

ಆ ಹುಡುಗಿ ಕೈ ಬಿಡುವ ಕ್ಷಣದ ಮೇಲೆ ಬರೆದಿದ್ದಾಳೆ: ಕಾನರ್ ಕೆಟ್ಟವನಲ್ಲ, ದಣಿದವನು ಎಂದು. ಒಳ್ಳೆಯ ಓದು, ಆದರೆ ಪಠ್ಯದಿಂದ ಒಂದೂ ಆಧಾರ ಕೊಟ್ಟಿಲ್ಲ. ಕೆಂಪು ಶಾಯಿಯಲ್ಲಿ ಹಾಗೆಯೇ ಬರೆದೆ. ತಡವಾಗಿ ಕೊಟ್ಟದ್ದಕ್ಕೆ ಎಲ್ಲರಂತೆ ಊಟದ ಬಿಡುವಿನಲ್ಲಿ ಡಿಟೆನ್ಷನ್. “ಅನ್ಯಾಯ ಮಿಸ್,” ಎಂದು ಗೊಣಗುತ್ತಲೇ ಸ್ಯಾಂಡ್‌ವಿಚ್ ತಿಂದು, ಎರಡು ಆಧಾರ ಸೇರಿಸಿ ಕೊಟ್ಟುಹೋದಳು.

ಮುಂದಿನ ವಾರ ಬಯೋನಾ ನಿರ್ದೇಶನದ 2016ರ ಸಿನಿಮಾ. ಅದರ ಕೊನೆಯಲ್ಲಿ ಅಮ್ಮನ ಚಿತ್ರಪುಸ್ತಕವೊಂದು ಸಿಗುತ್ತದೆ, ಕಾದಂಬರಿಯಲ್ಲಿ ಇಲ್ಲದ ಸಾಂತ್ವನ. ಚಿತ್ರಕಥೆಯೂ ನೆಸ್‌ರದೇ. ಅದನ್ನು ಸೇರಿಸಿದ್ದು ಸರಿಯೇ ಎಂದು ಪ್ರಬಂಧ ಬರೆಸಬೇಕು, ಆಧಾರ ಸಮೇತ.