ಮುದ್ದಿನ ಮರೆಯ ಮಾತು

ಉಡುಪು ಮಾನವನ ಎರಡನೆಯ ಮಾತು ಎಂದರೆ ತಪ್ಪಾಗಲಾರದು. ನಾಲಗೆಯಿಂದ ಆಡಲಾರದುದನ್ನು ಅವನು ಅನೇಕ ವೇಳೆ ಮೈಮೇಲಿನ ಬಟ್ಟೆಯಿಂದ ಆಡುತ್ತಾನೆ. ಮದುವೆಯ ಮನೆಗೆ ಹೊರಟವಳು ತನ್ನ ಸಂತೋಷವನ್ನು ಬೀದಿಯಲ್ಲಿ ಸಾರಬೇಕಾಗಿಲ್ಲ. ಸಾವಿನ ಮನೆಯಿಂದ ಬಂದವನು ತನ್ನ ದುಃಖವನ್ನು ವಿವರಿಸಬೇಕಾಗಿಲ್ಲ. ಆದರೆ ಈ ಮಾತಿಗೂ ಒಂದು ವ್ಯಾಕರಣವುಂಟು. ಅದನ್ನು ಅರಿಯದೆ ಅಕ್ಷರಗಳ ಅಂದವನ್ನು ಮಾತ್ರ ಕಂಡು ನಕಲು ತೆಗೆಯುವವನು, ತಿಳಿಯದ ಲಿಪಿಯ ಶಾಸನವನ್ನು ತನ್ನ ಬಾಗಿಲ ಮೇಲೆ ಕೆತ್ತಿಸಿಕೊಂಡವನಂತೆ, ಯಾರದೋ ದಾನವನ್ನೋ ಯಾರಿಗೋ ಇಟ್ಟ ಶಾಪವನ್ನೋ ಮನೆಗೆ ತಂದುಕೊಂಡಾನು.

ಟೋಕಿಯೋ ನಗರದ ಒಂದು ಕಲಾಶಾಲೆಯಲ್ಲಿ ವಸ್ತ್ರವಿನ್ಯಾಸವನ್ನು ಅಭ್ಯಾಸಮಾಡುತ್ತಿದ್ದ ಕನ್ನಡ ವಿದ್ಯಾರ್ಥಿನಿಯೊಬ್ಬಳಿಗೆ ಇಂತಹ ಒಂದು ಭಾಷೆಯನ್ನು ಓದಬೇಕಾದ ಪ್ರಸಂಗ ಒದಗಿತು. ಆ ನಗರದ ಯಾವುದಾದರೊಂದು ಬೀದಿಯ ಉಡುಪನ್ನು ಆರಿಸಿಕೊಂಡು, ಅದರ ಹುಟ್ಟುಬೆಳವಣಿಗೆಗಳನ್ನು ಶೋಧಿಸಿ, ಅದರ ಆಧಾರದ ಮೇಲೆ ಒಂದು ಅಚ್ಚಿನ ಬಟ್ಟೆಯನ್ನೂ ಒಂದು ಉಡುಪನ್ನೂ ರಚಿಸಬೇಕೆಂಬುದು ಆಕೆಗೆ ವಿಧಿಸಿದ್ದ ಕಾರ್ಯ. ಆಕೆ ಆರಿಸಿಕೊಂಡುದು ‘ಯಮಿ ಕವಾಯೀ’ ಎಂಬ ವೇಷವನ್ನು. ದೂರದಿಂದ ನೋಡಿದರೆ ಅದು ಬೊಂಬೆಯ ಅಲಂಕಾರ: ತಿಳಿಗುಲಾಬಿ ಮತ್ತು ತಿಳಿನೇರಿಳೆ ಬಣ್ಣಗಳು, ಲೇಸಿನ ಅಂಚು, ಅಗಲವಾದ ರಿಬ್ಬನ್ನುಗಳು. ಹತ್ತಿರಕ್ಕೆ ಹೋದವರು ಮಾತ್ರ ಬೆಚ್ಚುವರು. ರಿಬ್ಬನ್ನಿನ ನಡುವೆ ಆಟದ ಸೂಜಿಮದ್ದಿನ ಕೊಳವೆ. ಕೊರಳಿನಲ್ಲಿ ಗುಳಿಗೆಗಳ ಆಕಾರದ ಮಣಿಗಳು. ಮಣಿಕಟ್ಟಿಗೆ ಬಿಳಿಯ ಪಟ್ಟಿ. ಒಂದು ಕಣ್ಣಿನ ಮೇಲೆ ಆಸ್ಪತ್ರೆಯ ಮುಚ್ಚಳ. ರಾತ್ರಿಯೆಲ್ಲ ಅತ್ತವಳಂತೆ ಕಣ್ಣಿನ ಕೆಳಗೆ ಬಳಿದ ಕೆಂಪು. ವಿದ್ಯಾರ್ಥಿನಿಯು ಈ ಚಿಹ್ನೆಗಳನ್ನೆಲ್ಲ ಅಂದವಾಗಿ ಬರೆದು ಹಾಳೆಯೊಂದರಲ್ಲಿ ಜೋಡಿಸಿ ಅಧ್ಯಾಪಕರ ಮುಂದಿಟ್ಟಳು. ಅವರು ಬಹಳ ಹೊತ್ತು ನೋಡಿ, ಚಿತ್ರ ಚೆನ್ನಾಗಿದೆಯೆಂದು ಒಪ್ಪಿ, ಈ ಹುಡುಗಿಗೆ ಏನಾಗಿದೆ ಎಂದು ಮಾತ್ರ ಕೇಳಿದರು. ಶೋಧನೆಯು ನಿಜವಾಗಿ ಆರಂಭವಾದುದು ಆ ಪ್ರಶ್ನೆಯಿಂದ.

ಜಪಾನಿನ ಬೀದಿಯುಡುಪುಗಳ ಕಥೆಯೆಲ್ಲ ಬಹುಮಟ್ಟಿಗೆ ಹರಾಜುಕು ಎಂಬ ಭಾಗದ ಕಥೆ. ಅದರ ಒಂದು ಪಕ್ಕದಲ್ಲಿ 1920ರಲ್ಲಿ ಸ್ಥಾಪಿತವಾದ ಮೇಜಿ ದೇವಾಲಯದ ದಟ್ಟವಾದ ವನ; ಇನ್ನೊಂದು ಪಕ್ಕದಲ್ಲಿ ಸುಮಾರು 350 ಮೀಟರು ಉದ್ದದ ಇಕ್ಕಟ್ಟಾದ ತಾಕೆಶಿತ ಬೀದಿ. ಮಹಾಯುದ್ಧದ ತರುವಾಯ ಅಮೆರಿಕದ ಸೈನಿಕ ಕುಟುಂಬಗಳು ಇದರ ಸಮೀಪದಲ್ಲಿ ವಾಸವಾಗಿದ್ದವು; ಅವರಿಗಾಗಿ ತೆರೆದ ಅಂಗಡಿಗಳಿಂದ ಪರದೇಶದ ಸೊಬಗು ಅಲ್ಲಿಯ ತರುಣರ ಕಣ್ಣಿಗೆ ಬಿದ್ದಿತು. ಆ ನಿವೇಶನವೇ 1964ರಲ್ಲಿ ಒಲಿಂಪಿಕ್ ಕ್ರೀಡಾಪಟುಗಳ ಬೀಡಾಗಿ ಅನಂತರ ಉದ್ಯಾನವಾಯಿತು. 1977ರಿಂದ 1998ರವರೆಗೆ ಭಾನುವಾರಗಳಲ್ಲಿ ವಾಹನಗಳನ್ನು ತಡೆದು ದಾರಿಯನ್ನು ಪಾದಚಾರಿಗಳಿಗೆ ಬಿಟ್ಟುಕೊಡುತ್ತಿದ್ದುದರಿಂದ ಅದೊಂದು ಬಯಲು ರಂಗಸ್ಥಳವೇ ಆಯಿತು. ವಾರವಿಡೀ ಶಾಲೆಯ ಸಮವಸ್ತ್ರದಲ್ಲಿಯೋ ಕಚೇರಿಯ ಕರಿಯ ಉಡುಪಿನಲ್ಲಿಯೋ ಇದ್ದವರು ಅಂದು ಮನಬಂದ ವೇಷವನ್ನು ತೊಟ್ಟು ಬರುತ್ತಿದ್ದರು. ಆವೊಕಿ ಶೋಯಿಚಿ ಎಂಬ ಛಾಯಾಗ್ರಾಹಕರು 1997ರಲ್ಲಿ ‘ಫ್ರೂಟ್ಸ್’ ಎಂಬ ಪತ್ರಿಕೆಯನ್ನು ಹೊರಡಿಸಿ ಈ ವೇಷಗಳ ಚಿತ್ರಗಳನ್ನು 2017ರವರೆಗೆ ಪ್ರಕಟಿಸಿದರು. ಅದರ ಹಳೆಯ ಸಂಚಿಕೆಗಳೇ ವಿದ್ಯಾರ್ಥಿನಿಗೆ ಮೊದಲನೆಯ ಪಾಠಪುಸ್ತಕವಾದುವು.

ಎರಡನೆಯ ಪಾಠವನ್ನು ಆಕೆ ಕಲಿತುದು ನಿಘಂಟಿನಿಂದ. ‘ಕವಾಯೀ’ ಎಂದರೆ ಇಂದು ಮುದ್ದಾದುದು ಎಂದರ್ಥ. ಪುಟ್ಟದರ ಮೇಲಣ ಪ್ರೀತಿ ಆ ದೇಶಕ್ಕೆ ಹೊಸದಲ್ಲ. ಸುಮಾರು 1000ದ ಹೊತ್ತಿಗೆ ಅರಮನೆಯ ಸಖಿಯಾಗಿದ್ದ ಸೇಯಿ ಶೋನಗೊನ್ ತನ್ನ ‘ದಿಂಬಿನ ಪುಸ್ತಕ’ದಲ್ಲಿ ಗುಬ್ಬಚ್ಚಿಯ ಮರಿಯನ್ನೂ ಹಣ್ಣಿನ ಮೇಲೆ ಬರೆದ ಮಗುವಿನ ಮುಖವನ್ನೂ ಮುದ್ದಾದ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದ್ದಾಳೆ. ಆದರೆ ‘ಕವಾಯೀ’ ಎಂಬ ಶಬ್ದದ ಮೂಲರೂಪವಾದ ‘ಕಾವೊಹಯುಶಿ’ ಎಂಬುದಕ್ಕೆ, ನಾಚಿಕೆಯಿಂದ ಮುಖ ಕೆಂಪೇರುವುದು ಎಂಬ ಅರ್ಥವಿತ್ತು. ಅದರಿಂದ ನೋಡಲಾರದಷ್ಟು ಮರುಕ ಹುಟ್ಟಿಸುವುದು ಎಂಬ ಅರ್ಥವೂ, ಬಹುಕಾಲದ ಮೇಲೆ ಮುದ್ದು ಎಂಬ ಅರ್ಥವೂ ಬೆಳೆದುವು. ‘ಕವಾಯಿಸೋ’ ಎಂಬ ನೆರೆಯ ಶಬ್ದಕ್ಕೆ ಇಂದಿಗೂ ‘ಅಯ್ಯೋ ಪಾಪ’ ಎಂಬುದೇ ಅರ್ಥ. ಕೂಸನ್ನು ‘ಪಾಪು’ ಎಂದು ಕರೆದು, ನೊಂದವರನ್ನು ಕಂಡು ‘ಪಾಪ’ ಎಂದು ಮರುಗುವ ಕನ್ನಡಿಗರ ಕಿವಿಗೆ ಇದು ತೀರ ಅಪರಿಚಿತವಾಗಿ ಕೇಳಲಾರದು. ಮುದ್ದಿಗೆ ನೋವನ್ನು ತಂದು ಅಂಟಿಸಿದ್ದಾರೆಂದು ತಿಳಿದಿದ್ದ ವಿದ್ಯಾರ್ಥಿನಿಗೆ, ಮುದ್ದಿನ ಬೇರಿನಲ್ಲಿಯೇ ಮರುಕವಿತ್ತೆಂಬುದು ಈಗ ವಿದಿತವಾಯಿತು.

ಕಪ್ಪು ಬಣ್ಣವು ಈ ಮುದ್ದಿನ ಲೋಕವನ್ನು ಪ್ರವೇಶಿಸಿದ ಬಗೆ ಬೇರೆ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು 1861ರಲ್ಲಿ ಪತಿಯನ್ನು ಕಳೆದುಕೊಂಡ ಮೇಲೆ 1901ರಲ್ಲಿ ತಾನು ಸಾಯುವವರೆಗೂ ಕರಿಯ ಉಡುಪನ್ನೇ ಧರಿಸಿದಳು. ಆ ಕಾಲದ ಶೋಕವಸ್ತ್ರದ ಗಾಂಭೀರ್ಯವನ್ನೂ ಬಾಲಕಿಯರ ನಿರಿಗೆಯ ಲಂಗವನ್ನೂ ಜಪಾನಿನ ತರುಣಿಯರು ಒಂದುಗೂಡಿಸಿದರು. ಅದಕ್ಕೆ ‘ಗಾಥಿಕ್ ಲೋಲಿಟಾ’ ಎಂದು ಹೆಸರಾಯಿತು. ‘ಮಲಿಸ್ ಮಿಜೇರ್’ ಎಂಬ ಗಾಯಕತಂಡದ ವಾದ್ಯಗಾರ ಮಾನಾ 1999ರಲ್ಲಿ ಇಂತಹ ಉಡುಪುಗಳಿಗಾಗಿಯೇ ಒಂದು ಸಂಸ್ಥೆಯನ್ನು ತೆರೆದನು. 2001ರಲ್ಲಿ ಹುಟ್ಟಿ 2017ರಲ್ಲಿ ನಿಂತುಹೋದ ‘ಗಾಥಿಕ್ ಅಂಡ್ ಲೋಲಿಟಾ ಬೈಬಲ್’ ಎಂಬ ಪತ್ರಿಕೆಯು ಉಡುಪನ್ನು ಕತ್ತರಿಸಿ ಹೊಲಿಯುವ ನಕ್ಷೆಗಳನ್ನು ಕೂಡ ಕೊಡುತ್ತಿದ್ದಿತು. ಆದರೆ ಇಲ್ಲಿಯ ಕತ್ತಲೆ ಬಹುಮಟ್ಟಿಗೆ ನಾಟಕದ ಕತ್ತಲೆ. ಶವಪೆಟ್ಟಿಗೆಯ ಆಕಾರದ ಕೈಚೀಲವನ್ನು ಹಿಡಿದವಳು ಸಾವನ್ನು ಕುರಿತು ಮಾತಾಡುತ್ತಿರಲಿಲ್ಲ. ಹಳೆಯ ಕಾಲದ ಕಥೆಯೊಂದರಲ್ಲಿ ವಿಹರಿಸುತ್ತಿದ್ದಳು.

‘ಯಮಿ’ಯ ಕತ್ತಲೆ ಹಾಗಲ್ಲ. ‘ಯಮು’ ಎಂದರೆ ವ್ಯಾಧಿಗೊಳ್ಳುವುದು. ಅದೇ ಉಚ್ಚಾರಣೆಯ, ಬೇರೆ ಲಿಪಿಯ ‘ಯಮಿ’ ಎಂದರೆ ಕತ್ತಲೆ. ಈ ವೇಷದ ವ್ಯಾಧಿ ಮನಸ್ಸಿನದು. ಮನೋರೋಗವನ್ನು ಹೊರಗೆ ಹೇಳಿಕೊಳ್ಳುವುದು ಆ ಸಮಾಜದಲ್ಲಿ ಎಷ್ಟು ಕಷ್ಟವಾಗಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. ಸ್ಕಿಜೋಫ್ರೇನಿಯಾ ಎಂಬ ರೋಗಕ್ಕೆ ಜಪಾನೀ ಭಾಷೆಯಲ್ಲಿ ‘ಮನಸ್ಸು ಸೀಳಿದ ರೋಗ’ ಎಂಬರ್ಥದ ಹೆಸರಿತ್ತು. ಅದನ್ನು ಬದಲಾಯಿಸಬೇಕೆಂದು ರೋಗಿಗಳ ಕುಟುಂಬದವರ ಸಂಘವು 1993ರಲ್ಲಿ ಕೇಳಿಕೊಂಡಿತು. 2002ರಲ್ಲಿ ವೈದ್ಯರ ಸಂಘವು ಹೊಸ ಹೆಸರನ್ನು ಅಂಗೀಕರಿಸಿತು. ಹೆಸರೇ ಗಾಯವಾಗಿದ್ದಲ್ಲಿ ರೋಗಿಯು ಬಾಯಿ ತೆರೆಯುವುದೆಂತು? 1998ರಿಂದ 2011ರವರೆಗೆ ಆ ದೇಶದಲ್ಲಿ ಪ್ರತಿವರ್ಷವೂ 30,000ಕ್ಕಿಂತ ಹೆಚ್ಚು ಜನರು ಆತ್ಮಹತ್ಯೆಯಿಂದ ಮಡಿದರು. ಅದನ್ನು ತಡೆಯಲು ರಾಷ್ಟ್ರವು 2006ರಲ್ಲಿ ಒಂದು ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು. ಈ ಮೌನದ ನಡುವೆ, ಹೆಸರಿಲ್ಲದೆ ಬರೆಯಬಹುದಾದ ಅಂತರ್ಜಾಲದ ಚರ್ಚಾಸ್ಥಾನಗಳಲ್ಲಿ ಮನೋವ್ಯಥೆಯುಳ್ಳವರು ತಮ್ಮ ತಮ್ಮಲ್ಲಿ ಮಾತಾಡಿಕೊಂಡರು. ‘ಮಾನಸಿಕ ಆರೋಗ್ಯ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಮುರಿದು ಅವರಿಗೆ ‘ಮೆನ್‌ಹೆರಾ’ ಎಂಬ ಹೆಸರಾಯಿತು. ಹೊರಗಿನವರ ಬಾಯಲ್ಲಿ ಅದು ಬೇಗನೆ ಬೈಗುಳವೂ ಆಯಿತು. ಎಜಾಕಿ ಬಿಸುಕೊ ಎಂಬ ಚಿತ್ರಕಾರನು ಆ ಬೈಗುಳನ್ನೇ ಹೆಸರಾಗಿಟ್ಟು ‘ಮೆನ್‌ಹೆರಾ-ಚಾನ್’ ಎಂಬ ಗುಲಾಬಿಗೂದಲಿನ ಬಾಲಿಕೆಯನ್ನು ಸೃಷ್ಟಿಸಿದನು. ಕೆಡುಕಿನೊಡನೆ ಹೋರಾಡುವ ಈ ಬಾಲಿಕೆ ಗಾಯಗೊಂಡವಳು, ಆದರೂ ಸೋತವಳಲ್ಲ. ‘ಯಮಿ ಕವಾಯೀ’ ಎಂಬ ವೇಷದ ಪ್ರಸಿದ್ಧಿಯಲ್ಲಿ ಈ ಚಿತ್ರದ ಪಾಲು ದೊಡ್ಡದು.

ಇಲ್ಲಿಗೆ ಬಂದಾಗ ವಿದ್ಯಾರ್ಥಿನಿಗೆ ತವರಿನ ಒಂದು ವಾಡಿಕೆಯು ನೆನಪಾಯಿತು. ಮುದ್ದಾದ ಮಗುವಿನ ಕೆನ್ನೆಗೆ ತಾಯಿ ಕಾಡಿಗೆಯ ದೃಷ್ಟಿಬೊಟ್ಟನ್ನು ಇಡುತ್ತಾಳೆ. ಅದು ಕೂಡ ಮುದ್ದಿನ ಮೇಲಣ ಕಪ್ಪೇ. ಆದರೆ ಆ ಬೊಟ್ಟು ಲೋಕದ ಕಣ್ಣನ್ನು ತಪ್ಪಿಸಲು ಇಟ್ಟದ್ದು. ಹರಾಜುಕುವಿನ ಹುಡುಗಿಯ ಪಟ್ಟಿಯು ಲೋಕದ ಕಣ್ಣನ್ನು ಬೇಡಲು ಕಟ್ಟಿದ್ದು. ಆ ಬೊಟ್ಟನ್ನು ಇಡುವ ಕೈ ತಾಯಿಯದು. ಈ ಪಟ್ಟಿಯನ್ನು ಕಟ್ಟಿಕೊಳ್ಳುವ ಕೈ ಅವಳದೇ. ಅಧ್ಯಾಪಕರ ಪ್ರಶ್ನೆಗೆ ಉತ್ತರವು ಈ ಭೇದದಲ್ಲಿಯೇ ಇದ್ದಿತು.

ಇದರಿಂದ ಈ ವೇಷವು ನಿರ್ದೋಷವೆಂದು ಹೇಳಿದಂತಾಗಲಿಲ್ಲ. ನೋವು ಆಭರಣವಾದರೆ ನೋವಿಲ್ಲದವರಿಗೂ ಅದನ್ನು ತೊಡುವ ಆಸೆ ಹುಟ್ಟೀತು. ನೋವುಳ್ಳವರಿಗೆ ಅದನ್ನು ಕಳಚುವ ಮನಸ್ಸು ಬಾರದೆ ಹೋದೀತು. ವ್ಯಾಪಾರವಂತೂ ಯಾವ ಕಣ್ಣೀರನ್ನೂ ಸೀಸೆಯಲ್ಲಿ ತುಂಬದೆ ಬಿಡುವುದಿಲ್ಲ. 2020ರ ಸುಮಾರಿಗೆ ಪ್ರಚಾರಕ್ಕೆ ಬಂದ ‘ಜಿರಾಯಿ’ ಎಂಬ ವೇಷವು, ಕಪ್ಪು ಮತ್ತು ಗುಲಾಬಿ ಬಣ್ಣಗಳ ನಿರಿಗೆಯುಡುಪಾಗಿ ಅಂಗಡಿಗಳಲ್ಲಿ ಸಿದ್ಧವಾಗಿಯೇ ದೊರೆಯಿತು. ‘ಜಿರಾಯಿ’ ಎಂದರೆ ನೆಲದಲ್ಲಿ ಹುಗಿದಿಟ್ಟ ಸಿಡಿಮದ್ದು. ಮೆಟ್ಟಿದರೆ ಸಿಡಿಯುವ ಹುಡುಗಿ ಎಂಬ ಪರಿಹಾಸ್ಯ. ನೋವನ್ನು ಕಂಡು ಮರುಗಬೇಕಾದ ಲೋಕವು ನಕ್ಕಿತು. ನಕ್ಕ ಹೆಸರಿನಿಂದಲೇ ಬಟ್ಟೆಯನ್ನೂ ಮಾರಿತು.

ವಿದ್ಯಾರ್ಥಿನಿಯು ತನ್ನ ಚಿಹ್ನೆಗಳ ಹಾಳೆಯನ್ನು ಮತ್ತೆ ಮುಂದಿಟ್ಟುಕೊಂಡು ಒಂದೊಂದನ್ನೇ ವಿಚಾರಿಸಿದಳು. ಸೂಜಿ, ಗುಳಿಗೆ, ಅತ್ತು ಕೆಂಪಾದ ಕಣ್ಣು ಇವು ಅನುಭವಿಸಿದವರ ಮಾತುಗಳು. ಅವರ ಬಾಯಲ್ಲಿ ಇವಕ್ಕೆ ಅರ್ಥವುಂಟು, ಗಜದ ಲೆಕ್ಕದಲ್ಲಿ ಅಚ್ಚಾಗುವ ಬಟ್ಟೆಯ ಮೇಲೆ ಅವು ಅನುಕರಣದ ಅಳುವಾಗುತ್ತವೆ. ಅವನ್ನು ಆಕೆ ಬಿಟ್ಟಳು. ಪಟ್ಟಿಯನ್ನು ಮಾತ್ರ ಬಿಡಲಿಲ್ಲ. ಏಕೆಂದರೆ ಪಟ್ಟಿಯು ಎರಡು ಮಾತುಗಳನ್ನು ಒಟ್ಟಿಗೆ ಆಡುತ್ತದೆ: ಇಲ್ಲಿ ಗಾಯವಿದೆ ಎಂಬುದೊಂದು, ಅದಕ್ಕೆ ಉಪಚಾರ ನಡೆದಿದೆ ಎಂಬುದು ಇನ್ನೊಂದು. ಬೂದಿಯನ್ನು ಬೆರೆಸಿದಂತಹ ಮಂಕು ಗುಲಾಬಿಯ ಬಟ್ಟೆಯಲ್ಲಿ ಆಕೆ ಹೊಲಿದ ಉಡುಪಿಗೆ ಗುಂಡಿಗಳಿರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಸುತ್ತಿ ಕಟ್ಟುವ ಬಿಳಿಯ ಪಟ್ಟಿಗಳಿದ್ದುವು. ಒಂದು ಕೈಯಿಂದ ಅವನ್ನು ಕಟ್ಟಿಕೊಳ್ಳುವುದು ಸಾಧ್ಯವಿರಲಿಲ್ಲ. ತೊಡುವವಳು ಇನ್ನೊಬ್ಬರ ಕೈಯ ನೆರವನ್ನು ಕೇಳಲೇಬೇಕು. ಇದು ನಿತ್ಯದ ಬಳಕೆಗೆ ಅನನುಕೂಲವೆಂದು ಅಧ್ಯಾಪಕರು ಗುರುತುಮಾಡಿದರು. ಆಕೆ ಅದನ್ನು ಅಲ್ಲಗಳೆಯಲಿಲ್ಲ, ಬದಲಾಯಿಸಲೂ ಇಲ್ಲ.

ವಿಚಿತ್ರವೇಷವನ್ನು ಕಂಡಾಗ ಜಿಗುಪ್ಸೆಯಿಂದ ಮುಖ ತಿರುಗಿಸುವುದು ಸುಲಭ; ಬೆರಗಾಗಿ ಅನುಕರಿಸುವುದು ಅದಕ್ಕಿಂತ ಸುಲಭ. ನಿಂತು ಓದುವುದು ಕಷ್ಟ. ಆದರೆ ಕಲೆಗೂ ಕರುಣೆಗೂ ಬೇರೆ ದಾರಿಯಿಲ್ಲ. ಬಣ್ಣಬಣ್ಣದ ರಿಬ್ಬನ್ನಿನ ಹಿಂದಿನಿಂದ ಯಾರೋ ಮೆಲ್ಲಗೆ ಮಾತಾಡುತ್ತಿರುವಾಗ, ರಿಬ್ಬನ್ನಿನ ಅಳತೆಯನ್ನಷ್ಟೇ ಬರೆದುಕೊಂಡು ಹೊರಡುವುದು ವಿನ್ಯಾಸವೂ ಅಲ್ಲ, ಸೌಜನ್ಯವೂ ಅಲ್ಲ.