ನಾಲ್ಕೂವರೆ ಎಂಎಲ್ ಉಸಿರು

ರಾತ್ರಿ ಎರಡು ದಾಟಿದೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೊಣಕೈವರೆಗೂ ತೊಳೆದುಕೊಂಡು ಒಳಗೆ ಬನ್ನಿ. ಮೂರನೇ ವಾರ್ಮರ್‌ನಲ್ಲಿರುವ ಹೆಣ್ಣು ಕೂಸು 27 ವಾರಕ್ಕೇ ಹುಟ್ಟಿದೆ. ತೂಕ 900 ಗ್ರಾಂ. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಜಗ್ಗುತ್ತದೆ. ಬಾಯಿಂದ ಶ್ವಾಸನಾಳಕ್ಕೆ ಇಳಿಸಿರುವ ಟ್ಯೂಬಿನ ಒಳವ್ಯಾಸ ಬರೀ 2.5 ಮಿಲಿಮೀಟರ್.

"ಸಿಸ್ಟರ್, ವಾಲ್ಯೂಮ್ ಗ್ಯಾರಂಟಿ ಹಾಕಿ. ಟೈಡಲ್ 4.5."

ಟೈಡಲ್ ಎಂದರೆ ಒಂದೊಂದು ಉಸಿರಿನ ಗಾಳಿ, ತೂಕದ ಕಿಲೋಗೆ 5 ಎಂಎಲ್ ಲೆಕ್ಕ. ಕೆಮ್ಮಿನ ಔಷಧಿ ಅಳೆಯುವ ಚಮಚವೂ ಪೂರ್ತಿ ತುಂಬದಷ್ಟು ಗಾಳಿ. ಅಷ್ಟನ್ನೂ ಅಳೆಯುವುದು ಟ್ಯೂಬಿನ ಬಾಯಿಗೆ ಸಿಕ್ಕಿಸಿರುವ ಪುಟ್ಟ ಫ್ಲೋ ಸೆನ್ಸರ್. ಅದರೊಳಗಿನ ತೆಳು ತಂತಿ ಸದಾ ಬಿಸಿಯಾಗಿರುತ್ತದೆ. ಹಾದುಹೋಗುವ ಗಾಳಿ ಅದನ್ನೆಷ್ಟು ತಂಪು ಮಾಡುತ್ತದೆ ಎಂಬುದರಿಂದ ಎಷ್ಟು ಗಾಳಿ ಹೋಯಿತು, ಎಷ್ಟು ಬಂತು ಎಂದು ಉಸಿರಾಟದ ಯಂತ್ರಕ್ಕೆ (ವೆಂಟಿಲೇಟರ್) ತಿಳಿಯುತ್ತದೆ.

"ಮೇಡಂ, ಪ್ರೆಶರ್ 24ಕ್ಕೆ ಹೋಗ್ತಿದೆ."

ಶ್ವಾಸಕೋಶ ಬಿರುಸಾಗಿದೆ. ಗಾಳಿಗೂಡುಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುವ ಸರ್ಫಕ್ಟಂಟ್ ಇಷ್ಟು ಬೇಗ ಹುಟ್ಟಿದ ಮಗುವಿನಲ್ಲಿ ಸಾಕಷ್ಟು ತಯಾರಾಗಿರುವುದಿಲ್ಲ. ಸಿಸ್ಟರ್ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ ಬಾಟಲಿಯಿಂದ ಹಾಲಿನಂಥ ಬಿಳಿ ಸರ್ಫಕ್ಟಂಟ್ ದ್ರವ ಸಿರಿಂಜಿಗೆ ಏರುತ್ತದೆ. 2.25 ಎಂಎಲ್, ಟ್ಯೂಬಿನ ಮೂಲಕ ನೇರ ಶ್ವಾಸಕೋಶಕ್ಕೆ. ಆಕ್ಸಿಜನ್ ಮಟ್ಟ ಒಮ್ಮೆ ಕುಸಿದು ಮತ್ತೆ ಏರುತ್ತದೆ.

ಈಗ ಪರದೆಯಿಂದ ಕಣ್ಣು ತೆಗೆಯಬೇಡಿ. ನಿಜವಾದ ಅಪಾಯ ಇರುವುದು ಈ ಕೆಲವು ನಿಮಿಷಗಳಲ್ಲೇ. ಶ್ವಾಸಕೋಶ ಮೆತ್ತಗಾಗುತ್ತಿದೆ, ಒತ್ತಡವನ್ನು 24ಕ್ಕೇ ಕಟ್ಟಿಹಾಕಿದ್ದರೆ ಅದೇ ಒತ್ತಡಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಗಾಳಿ ನುಗ್ಗುತ್ತಿತ್ತು. ಎಳೆಯ ಶ್ವಾಸಕೋಶವನ್ನು ಹರಿಯುವುದು ಒತ್ತಡಕ್ಕಿಂತ ಹೆಚ್ಚಾಗಿ ಅತಿಯಾದ ಹಿಗ್ಗುವಿಕೆ. 1988ರಲ್ಲಿ ಫ್ರಾನ್ಸಿನ ಡ್ರೇಫಸ್ ಮತ್ತು ಸಂಗಡಿಗರು ಇಲಿಗಳ ಎದೆ ಹೊಟ್ಟೆಗೆ ಪಟ್ಟಿ ಬಿಗಿದು, ಹೆಚ್ಚು ಒತ್ತಡದಲ್ಲಿ ಗಾಳಿ ಕೊಟ್ಟರು. ಹಿಗ್ಗಲು ಜಾಗವಿಲ್ಲದ ಆ ಶ್ವಾಸಕೋಶಗಳಲ್ಲಿ ನೀರು ತುಂಬಲಿಲ್ಲ. ಪಟ್ಟಿಯಿಲ್ಲದೆ ಹಿಗ್ಗಿದವುಗಳಲ್ಲಿ ತುಂಬಿತು. ಪೆಟ್ಟು ಶ್ವಾಸಕೋಶಕ್ಕಷ್ಟೇ ಅಲ್ಲ. ಗಾಳಿ ಹೆಚ್ಚಾದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕುಗ್ಗುತ್ತವೆ. ಗಾಳಿ ಕಡಿಮೆಯಾದರೆ ಅವೇ ಹಿಗ್ಗುತ್ತವೆ, ಒಳಗೆ ರಕ್ತ ಸೋರುವ ಭಯ. ಆದ್ದರಿಂದಲೇ ಈ 4.5 ಎಂಬ ಅಂಕಿಯನ್ನು ಕಾಯುವುದು ನನಗೆ ಮಗುವಿನ ಮಿದುಳನ್ನೇ ಕಾಯುವ ಕೆಲಸವಾಗಿ ಕಾಣುತ್ತದೆ.

ನೋಡಿ: 24, 22, 19. ಗುಂಡಿಯನ್ನು ಯಾರೂ ಮುಟ್ಟಿಲ್ಲ. ಮಗು ಹೊರಬಿಟ್ಟ ಗಾಳಿಯನ್ನು ಯಂತ್ರ ಅಳೆಯುತ್ತದೆ, ಮುಂದಿನ ಉಸಿರಿನ ಒತ್ತಡವನ್ನು ಅದಕ್ಕೆ ತಕ್ಕಂತೆ ಇಳಿಸುತ್ತದೆ. ಒಳಹೋದದ್ದನ್ನು ನಂಬಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಟ್ಯೂಬಿನ ಸುತ್ತ ಒಂದಿಷ್ಟು ಗಾಳಿ ಸೋರುತ್ತಲೇ ಇರುತ್ತದೆ.

ಅಲಾರಾಂ! ಟೈಡಲ್ 2.8.

ಡಾಕ್ಟರ ಕೈ ಗುಂಡಿಗೆ ಹೋಗುವುದಿಲ್ಲ, ಮೊದಲು ಮಗುವಿನ ಎದೆಗೆ ಸ್ಟೆತಸ್ಕೋಪ್. ಎರಡೂ ಕಡೆ ಗಾಳಿ ಸಮನಾಗಿ ಹೋಗುತ್ತಿದೆ. "ತಲೆ ವಾಲಿದೆ, ಸೋರಿಕೆ ಜಾಸ್ತಿಯಾಗಿದೆ." ಸಿಸ್ಟರ್ ತಲೆ ನೆಟ್ಟಗೆ ಮಾಡಿ, ಕೊಳವೆಯಲ್ಲಿ ಕಟ್ಟಿದ ನೀರಹನಿಗಳು ಸೆನ್ಸರ್ ಕಡೆ ಹರಿಯದಂತೆ ಅದನ್ನು ಓರೆ ಮಾಡುತ್ತಾರೆ. 4.4. 4.6. ಪ್ರೆಶರ್ 16.

"ಅರ್ಧ ಗಂಟೆಗೆ ಬ್ಲಡ್ ಗ್ಯಾಸ್ ಕಳಿಸಿ. ಹೀಗೇ ಇಳೀತಾ ಬಂದ್ರೆ ಬೆಳಗ್ಗೆ ಟ್ಯೂಬ್ ತೆಗೆದು ಮೂಗಿಗೆ ಸಿಪ್ಯಾಪ್ ಹಾಕೋಣ. ಉಸಿರಾಟಕ್ಕೆ ಕೆಫೀನ್ ಕೊಟ್ಟಾಯ್ತಾ?"

"ಕೊಟ್ಟಾಯ್ತು ಮೇಡಂ. ಮಗು ಅಪ್ಪ ಹೊರಗೇ ಇದ್ದಾರೆ."

"ಬಂದೆ, ನಾನೇ ಹೇಳ್ತೀನಿ."